ಪಗಾರದ ಪುಸ್ತಕದಲ್ಲಿ ಇಲ್ಲದ ದೋಸೆ ಭಟ್ಟ: ಮುಂಬಯಿಯ ಹೋಟೆಲು ಮಾಲಕರಿಗೊಂದು ಬಹಿರಂಗ ಪತ್ರ

ಮಾನ್ಯ ಮಾಲಕ ಬಂಧುಗಳೆ,

ಮಾಟುಂಗದಿಂದ ಮೀರಾ ರೋಡ್‌ವರೆಗೆ, ಚೆಂಬೂರಿನಿಂದ ಡೊಂಬಿವಲಿವರೆಗೆ ಹೋಟೆಲು ನಡೆಸುವ ನಿಮ್ಮೆಲ್ಲರಿಗೂ ಈ ಪತ್ರ. ನಾನು ವಿಮಾ ಕಂಪೆನಿಯೊಂದರ ಮೋಟಾರು ಕ್ಲೈಮ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅಂದರೆ ಇಷ್ಟು ಕಾಲ ಗಾಯಾಳುವಿನ ಎದುರು ಪಾರ್ಟಿಯ ಕಡೆ ಕೂತವನು. ಈಗ ಊರಿನವರು ಯಾರಾದರೂ ರಸ್ತೆಯಲ್ಲಿ ಬಿದ್ದು ಕೈಕಾಲು ಕಳಕೊಂಡರೆ ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ತುಂಬಿಕೊಂಡು ನನ್ನಲ್ಲಿಗೆ ಬರುತ್ತಾರೆ. ಹಾಗೆ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರು. ರಾತ್ರಿ ಹೋಟೆಲು ಮುಚ್ಚಿ, ಮೋರಿ ತೊಳೆದು, ಕೊನೆಯ ಲೋಕಲ್ ತಪ್ಪಿಸಿಕೊಂಡು, ಯಾರದೋ ಬೈಕಿನ ಹಿಂದೆ ಕೂತು ಹೊರಟವರು.

ಪರಿಹಾರ ಕಡಿಮೆ ಬಂತು ಎಂದಾಗ ಕೋರ್ಟನ್ನು, ಕಂಪೆನಿಯನ್ನು, ವಕೀಲರನ್ನು ಬೈಯುವುದು ರೂಢಿ. ಬೈಯಲು ಕಾರಣಗಳೂ ಇವೆ. ಆದರೆ ಹೋಟೆಲು ಕೆಲಸದವರ ಮಟ್ಟಿಗೆ ಲೆಕ್ಕ ಕೆಡುವುದು ಕೋರ್ಟಿನಲ್ಲಲ್ಲ, ಅದಕ್ಕೂ ಬಹಳ ಮುಂಚೆ, ನಿಮ್ಮ ಗಲ್ಲಾದ ಮೇಜಿನ ಮೇಲೆ. ಇದನ್ನು ಖಾಸಗಿಯಾಗಿ ಹಲವರಿಗೆ ಹೇಳಿದ್ದೇನೆ. ನಕ್ಕು, ಒಂದು ಕಾಫಿ ಕುಡಿಸಿ ಕಳಿಸಿದ್ದಾರೆ. ಆದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಗೆ ನಡೆಯುತ್ತದೆಂದು ನೋಡಿ. ಅಪಘಾತದಲ್ಲಿ ಶಾಶ್ವತವಾಗಿ ಊನಗೊಂಡವನು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಕ್ಲೈಮ್ ಟ್ರಿಬ್ಯುನಲ್‌ಗೆ, ಅಂದರೆ ಅಪಘಾತ ಪರಿಹಾರದ ನ್ಯಾಯಮಂಡಳಿಗೆ, ಅರ್ಜಿ ಹಾಕುತ್ತಾನೆ. ಆಸ್ಪತ್ರೆ ಖರ್ಚು, ಹಾಸಿಗೆಯಲ್ಲಿ ಮಲಗಿದ್ದ ತಿಂಗಳುಗಳ ಪಗಾರ, ನೋವು-ಸಂಕಟ ಇವಕ್ಕೆಲ್ಲ ಬೇರೆ ಬೇರೆ ಬಾಬತ್ತು. ದೊಡ್ಡ ಮೊತ್ತ ಬರಬೇಕಾದದ್ದು ಮುಂದಿನ ದುಡಿಮೆಯ ನಷ್ಟಕ್ಕೆ. ಅದಕ್ಕೆ ತಿಂಗಳ ಆದಾಯವನ್ನು ಹಿಡಿದು, ಮುಂದೆ ಅದು ಏರುತ್ತಿತ್ತು ಎಂಬುದಕ್ಕೆ ಒಂದು ಪಾಲು ಸೇರಿಸಿ, ಹನ್ನೆರಡರಿಂದ ಗುಣಿಸಿ, ಆಮೇಲೆ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಈ ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಲ್ಲಿದೆ. 21ರಿಂದ 25 ವಯಸ್ಸಿಗೆ 18, 31ರಿಂದ 35ಕ್ಕೆ 16, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತ ಹೋಗಿ 65 ದಾಟಿದವರಿಗೆ 5. ಅದು ಮರಣದ ಪ್ರಕರಣ, ಆದರೂ ಊನದ ಪ್ರಕರಣಗಳಿಗೂ ಅದೇ ಪಟ್ಟಿ ನಡೆಯುತ್ತದೆ. ಮುಂದಿನ ಏರಿಕೆಯ ಪಾಲನ್ನು 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದ ಸಂವಿಧಾನ ಪೀಠ ನಿಗದಿ ಮಾಡಿತು. ಕಾಯಂ ನೌಕರಿ ಇಲ್ಲದವನು 40ರ ಒಳಗಿದ್ದರೆ ಶೇಕಡಾ 40, 40ರಿಂದ 50ರ ನಡುವೆ 25, ಅಲ್ಲಿಂದ 60ರವರೆಗೆ 10. ಊನಗೊಂಡು ಬದುಕಿ ಉಳಿದವನಿಗೂ ಈ ಪಾಲು ಸಲ್ಲಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. ಬಲಗೈ ಕಳಕೊಂಡ ಒಬ್ಬ ಟೈಪಿಸ್ಟ್ ಹುಡುಗನ ಕೇಸು ಅದು. ಸತ್ತವನಿಗಾದರೆ ಅವನ ಸ್ವಂತ ಖರ್ಚೆಂದು ಒಂದು ಭಾಗ ಕಳೆಯುತ್ತಾರೆ. ಬದುಕಿದವನು ಉಣ್ಣಲೇಬೇಕಲ್ಲ, ಅವನಿಗೆ ಹಾಗೆ ಕಳೆಯುವಂತಿಲ್ಲ. ಕೊನೆಗೆ ಬಂದ ಮೊತ್ತದಲ್ಲಿ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತೋ ಅಷ್ಟು ಪಾಲು ಅವನದು.

ಗುಣಕ ಮತ್ತು ಏರಿಕೆಯ ಪಾಲಿನಲ್ಲಿ ಯಾರೂ ಕೈಯಾಡಿಸಲಾಗದು, ಪಟ್ಟಿ ನೋಡಿದರಾಯಿತು. ಜಗಳವೆಲ್ಲ ಉಳಿದೆರಡು ಅಂಕಿಗಳದು. ಅವನಿಗೆ ತಿಂಗಳಿಗೆ ಎಷ್ಟು ಬರುತ್ತಿತ್ತು? ಅವನ ದುಡಿಯುವ ಶಕ್ತಿ ಎಷ್ಟು ಹೋಯಿತು? ಈ ಎರಡಕ್ಕೂ ಎಲ್ಲರಿಗಿಂತ ಒಳ್ಳೆಯ ಸಾಕ್ಷಿ ನೀವು.

ಒಬ್ಬ ದೋಸೆ ಭಟ್ಟನ ವಿಷಯ ಹೇಳುತ್ತೇನೆ. ಬೈಂದೂರಿನ ಕಡೆಯವನು, ವಯಸ್ಸು 34. ಘೋಡ್‌ಬಂದರ್ ರೋಡಿನಲ್ಲಿ ಟೆಂಪೋ ಬಡಿದು ಬಲಗಾಲಿನ ಹರಡು (ಪಾದದ ಗಂಟು) ಪುಡಿಯಾಯಿತು. ರಾಡು ಹಾಕಿದರು, ಕೀವಾಯಿತು, ತೆಗೆದರು, ಕೊನೆಗೆ ಗಂಟನ್ನೇ ಬೆಸೆದುಬಿಟ್ಟರು. ನಡೆಯುತ್ತಾನೆ, ಆದರೆ ಪಾದ ಮಡಚುವುದಿಲ್ಲ. ಮೆಡಿಕಲ್ ಬೋರ್ಡು ಕೊಟ್ಟ ಸರ್ಟಿಫಿಕೇಟಿನಲ್ಲಿ ಬಲಗಾಲಿನ ಊನ ಶೇಕಡಾ 30 ಎಂದಿತ್ತು. ಕಾಲಿನದು 30 ಆದರೆ ಇಡೀ ದೇಹದ್ದು ಅದರ ಅರ್ಧ, 15 ಹಿಡಿಯಿರಿ ಎಂದು ಕಂಪೆನಿಯ ವಾದ. ಪಗಾರದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು 13,000 ರೂಪಾಯಿ. ಕೈಗೆ ಬರುತ್ತಿದ್ದದ್ದು 24,000. ಅದರ ಮೇಲೆ ಎರಡು ಹೊತ್ತಿನ ಊಟ, ತಿಂಡಿ, ಚಹಾ, ಮಲಗಲು ಹೋಟೆಲಿನ ಮೇಲಿನ ಮಾಳಿಗೆ. ಮುಂಬಯಿಯಲ್ಲಿ ಇದಿಷ್ಟನ್ನು ಹೊರಗೆ ಕೊಂಡುಕೊಂಡರೆ 6,000 ಎಂದರೂ ತೀರಾ ಕಡಿಮೆಯೇ.

ಈಗ ಗುಣಿಸಿ. ಪುಸ್ತಕದ 13,000ಕ್ಕೆ ಶೇಕಡಾ 40 ಸೇರಿದರೆ 18,200. ವರ್ಷಕ್ಕೆ 2,18,400. ಗುಣಕ 16ರಿಂದ 34,94,400. ಅದರಲ್ಲಿ ಶೇಕಡಾ 15 ಎಂದರೆ 5,24,160 ರೂಪಾಯಿ. ಇನ್ನು ನಿಜದ ಲೆಕ್ಕ. 24,000 ಮತ್ತು 6,000 ಸೇರಿ 30,000. ಏರಿಕೆಯ ಪಾಲು ಸೇರಿ 42,000. ವರ್ಷಕ್ಕೆ 5,04,000. ಗುಣಕದಿಂದ 80,64,000. ದುಡಿಯುವ ಶಕ್ತಿ ಶೇಕಡಾ 60 ಹೋಗಿದೆ ಎಂದು ಟ್ರಿಬ್ಯುನಲ್ ಒಪ್ಪಿದರೆ ಅವನಿಗೆ ಬರುವುದು 48,38,400. ಅದೇ ಮನುಷ್ಯ, ಅದೇ ಕಾಲು, ಅದೇ ಟೆಂಪೋ. ಬರುವ ಹಣ ಒಂಬತ್ತು ಪಟ್ಟು ಬೇರೆ.

60 ಎಂದು ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಲಿಲ್ಲ. ದೋಸೆ ಕಾವಲಿಯ ಮುಂದಿನ ಕೆಲಸವನ್ನು ನೀವು ದಿನಾ ನೋಡುತ್ತೀರಿ, ನ್ಯಾಯಾಧೀಶರು ಹತ್ತಿರದಿಂದ ನೋಡಿರುವುದಿಲ್ಲ. ಬೆಳಗ್ಗೆ ಆರೂವರೆಗೆ ಕಾವಲಿ ಕಾಯಲು ಶುರು. ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಒರೆಸಿ, ಸಾಲಾಗಿ ಆರು ದೋಸೆ ಹೊಯ್ದು, ಆರನೆಯದು ಹರಡುವಷ್ಟರಲ್ಲಿ ಮೊದಲನೆಯದಕ್ಕೆ ಎಣ್ಣೆ ಹಾಕಿ ಎಬ್ಬಿಸಬೇಕು. ಕೈಯ ಕೆಲಸ ಎಂದು ಕಾಣುತ್ತದೆ, ಆದರೆ ಇಡೀ ಭಾರ ಪಾದದ ಮೇಲೆ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಹಿಂದೆ ತಿರುಗಿ ಹಿಟ್ಟಿನ ಡಬ್ಬಿ ಎತ್ತಿ, ಮತ್ತೆ ಮುಂದೆ. ಕೆಳಗೆ ನೆಲ ಯಾವಾಗಲೂ ಒದ್ದೆ, ಎಣ್ಣೆಯ ಪಸೆ ಬೇರೆ. ಆದಿತ್ಯವಾರ ಬೆಳಗ್ಗೆ ಗಿರಾಕಿ ಹೊರಗೆ ಸಾಲು ನಿಂತಿರುವಾಗ ಮೂರು ಗಂಟೆ ನಿಂತಲ್ಲಿಂದ ಕದಲುವಂತಿಲ್ಲ. ಪಾದ ಮಡಚದವನು ಅಲ್ಲಿ ಅರ್ಧ ಗಂಟೆ ನಿಲ್ಲಲಾರ. ಜಾರಿದರೆ ಕೈ ಹೋಗುವುದು ನೇರ ಕಾವಲಿಯ ಮೇಲೆ.

ವೈದ್ಯರ ಸರ್ಟಿಫಿಕೇಟು ಹೇಳುವುದು ಗಂಟು ಎಷ್ಟು ಡಿಗ್ರಿ ತಿರುಗುತ್ತದೆ ಎಂದು. ಆ ಗಂಟಿನಿಂದ ಅವನು ಅನ್ನ ಹೇಗೆ ಸಂಪಾದಿಸುತ್ತಿದ್ದ ಎಂದು ಅದು ಹೇಳುವುದಿಲ್ಲ. ಈ ಎರಡನ್ನು ಬೇರೆಬೇರೆಯಾಗಿ ನೋಡಬೇಕೆಂದು ಸುಪ್ರೀಂ ಕೋರ್ಟು ರಾಜ್‌ಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಊನದ ನಂತರ ಅವನು ಏನೆಲ್ಲ ಮಾಡಬಲ್ಲ, ಮೊದಲು ಯಾವ ಕೆಲಸ ಮಾಡುತ್ತಿದ್ದ, ಈಗ ಅದನ್ನು ಅಥವಾ ಬೇರೆಯದನ್ನು ಮಾಡಿ ಎಷ್ಟು ಗಳಿಸಬಲ್ಲ, ಈ ಕ್ರಮದಲ್ಲಿ ನೋಡಬೇಕು. ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ದುಡಿಮೆಯೇ ಪೂರ್ತಿ ಹೋದಂತೆ, ಸರಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು ಎಂಬ ಉದಾಹರಣೆಯನ್ನೂ ಕೊಟ್ಟಿದೆ. ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಬಲಗಾಲು ಕಳಕೊಂಡ ತರಕಾರಿ ವ್ಯಾಪಾರಿಯೊಬ್ಬನಿಗೆ 2014ರಲ್ಲಿ ಶೇಕಡಾ 85 ದುಡಿಮೆಯ ನಷ್ಟ ಎಂದು ಹಿಡಿದರು. ಅವನ ತಿಂಗಳ ಆದಾಯವನ್ನು 3,500 ಎಂದು ಹೈಕೋರ್ಟು ಹಿಡಿದದ್ದನ್ನು 6,500ಕ್ಕೆ ಏರಿಸಿದರು. ಬೀದಿಯಲ್ಲಿ ತರಕಾರಿ ಮಾರುವವನ ಹತ್ತಿರ ಪಗಾರದ ಚೀಟಿ ಎಲ್ಲಿಂದ ಬರಬೇಕು ಎಂಬುದು ಅಲ್ಲಿಯ ತರ್ಕ.

ಈ ತರ್ಕವನ್ನೇ ನಿಮ್ಮ ಹುಡುಗನಿಗೆ ಹೂಡಲು ಹೋದರೆ ತಕ್ಷಣ ಪ್ರಶ್ನೆ ಬರುತ್ತದೆ. ಬೀದಿಯವನಿಗೆ ಮಾಲಕನಿಲ್ಲ, ನಿನಗಿದ್ದಾನೆ. ಅವನೆಲ್ಲಿ?

ಆಗ ಬರುವುದು ಆ ಸರ್ಟಿಫಿಕೇಟು. ಹೋಟೆಲಿನ ಲೆಟರ್‌ಹೆಡ್, ಮೇಲೆ ದೇವರ ಹೆಸರು, ಕೆಳಗೆ ರಬ್ಬರ್ ಸ್ಟ್ಯಾಂಪು. ಇಂಥವನು ನಮ್ಮಲ್ಲಿ ಕೆಲಸಕ್ಕಿದ್ದ, ತಿಂಗಳಿಗೆ ಇಷ್ಟು ಕೊಡುತ್ತಿದ್ದೆವು. ಸೇರಿದ ತಾರೀಕು ಇರುವುದಿಲ್ಲ, ಮಾಡುತ್ತಿದ್ದ ಕೆಲಸ ಯಾವುದೆಂದು ಇರುವುದಿಲ್ಲ, ಹಾಕಿದ ತಾರೀಕು ಅಪಘಾತವಾಗಿ ಎಂಟು ತಿಂಗಳ ನಂತರದ್ದು. ಸಾಕ್ಷಿಗೆ ಬನ್ನಿ ಎಂದರೆ ಉತ್ತರ ಸಿದ್ಧ: "ಸರ್ಟಿಫಿಕೇಟು ಬೇಕಾದರೆ ಇನ್ನೊಂದು ಕೊಡುವ ಮಾರಾಯ್ರೆ, ಕೋರ್ಟಿಗೆಲ್ಲ ನನ್ನನ್ನು ಎಳೆಯಬೇಡಿ." ನೀವು ಬರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಅದನ್ನು ಬರೆದವನು ಕಟಕಟೆ ಹತ್ತಿ, ಇದು ನನ್ನ ಸಹಿ, ಇದು ನನ್ನ ರಿಜಿಸ್ಟರು ಎಂದು ಹೇಳಬೇಕು. ನಮ್ಮ ಕಂಪೆನಿಯ ವಕೀಲರು ಏನು ಕೇಳುತ್ತಿದ್ದರೆಂದು ನನಗೆ ಬಾಯಿಪಾಠ. ಪಗಾರದ ರಿಜಿಸ್ಟರ್ ತಂದಿದ್ದೀರಾ? ಬ್ಯಾಂಕಿನಿಂದ ಕೊಟ್ಟದ್ದೋ, ನಗದೋ? ಈ ಪಗಾರಕ್ಕೆ ಪಿಎಫ್ ಕಟ್ಟಿದ್ದೀರಾ? ಕ್ಲೈಮಿಗೋಸ್ಕರ ಮಾಡಿಕೊಟ್ಟ ಕಾಗದ ಎಂದರೆ ಸರಿಯೇ? ನಾಲ್ಕು ಪ್ರಶ್ನೆಗೆ 24,000 ಮಾಯವಾಗಿ 13,000 ಉಳಿಯುತ್ತದೆ. ಆ ಪ್ರಶ್ನೆ ಕೇಳುವುದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಕಂಪೆನಿ ಕೊಡುವುದೂ ಜನರ ಪ್ರೀಮಿಯಂ ಹಣವೇ.

ಕೆಲವರು ದಾಕ್ಷಿಣ್ಯಕ್ಕೆ ಬಿದ್ದು ಇನ್ನೊಂದು ಕಡೆ ಎಡವುತ್ತಾರೆ. ಪಾಪ ಹುಡುಗ, ಬರಲಿ ಅವನಿಗೆ, ಎಂದು 60,000 ಬರೆದುಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೋಟೆಲಿನ ಮ್ಯಾನೇಜರಿಗೆ ಅಷ್ಟು ಇಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಅವನ ನಿಜವಾದ ಕಾಲುನೋವನ್ನೂ ಯಾರೂ ನಂಬುವುದಿಲ್ಲ.

ನಿಮ್ಮ ಭಯ ನನಗೆ ಗೊತ್ತಿಲ್ಲದ್ದಲ್ಲ. ಪುಸ್ತಕದಲ್ಲಿ 13,000 ಇಡುವುದು ಪಿಎಫ್ ಕಡಿಮೆ ಮಾಡಲು. ಕೋರ್ಟಿನಲ್ಲಿ 24,000 ಎಂದರೆ ನಾಳೆ ಇನ್‌ಸ್ಪೆಕ್ಟರ್ ಬಂದು ಬಾಗಿಲು ತಟ್ಟಿದರೆ ಎಂಬ ಅಂಜಿಕೆ. ಆ ಅಂಜಿಕೆ ಸುಳ್ಳೆಂದು ನಾನು ಧೈರ್ಯ ತುಂಬಲಾರೆ. ಆದರೆ ನಿಮ್ಮಲ್ಲಿ ಹಲವರಿಗೆ ಇನ್ನೊಂದು ತಪ್ಪು ಭಯವೂ ಇದೆ, ಪರಿಹಾರ ನಿಮ್ಮ ತಲೆಗೆ ಬರುತ್ತದೆ ಎಂದು. ಬರುವುದಿಲ್ಲ. ಅದನ್ನು ಕಟ್ಟುವುದು ಡಿಕ್ಕಿ ಹೊಡೆದ ಗಾಡಿಯ ವಿಮಾ ಕಂಪೆನಿ. ಹುಡುಗ ನಿಮ್ಮ ಹೋಟೆಲಿನ ಗಾಡಿಯಲ್ಲೇ ಪಾರ್ಸೆಲ್ ಒಯ್ಯುತ್ತಿದ್ದರೆ ಮಾತು ಬೇರೆ. ಉಳಿದಂತೆ ನಿಮ್ಮ ಗಲ್ಲಾದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಪುಸ್ತಕದಲ್ಲಿ ತಿಂಗಳಿಗೆ ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ಉಳಿಸಿದ್ದಕ್ಕೆ ಅವನು ಕಳಕೊಳ್ಳುವುದು ಲಕ್ಷಗಳಲ್ಲಿ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಒಳ್ಳೆಯ ಮಾಲಕರು ಗಾಯಾಳುವನ್ನು ಕೈಬಿಡುವುದಿಲ್ಲ. ಕಾವಲಿಯ ಮುಂದೆ ನಿಲ್ಲಲಾಗದಿದ್ದರೆ ಬಾ, ಬಿಲ್ಲು ಬರೆದುಕೊಂಡು ಕೂತಿರು ಎನ್ನುತ್ತಾರೆ. ಈ ದೋಸೆ ಭಟ್ಟನ ಮಾಲಕರೂ ಹಾಗೆಯೇ ಮಾಡಿದರು, ನಾಲ್ಕು ತಿಂಗಳು ಮೊದಲಿನ ಪಗಾರವನ್ನೇ ಕೊಟ್ಟರು. ದೇವರಂಥ ಮನುಷ್ಯರು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರು ವಕೀಲರು ಅದನ್ನೇ ಹಿಡಿದರು: ಕೆಲಸ ಇದೆ, ಪಗಾರ ಅಷ್ಟೇ ಇದೆ, ನಷ್ಟ ಎಲ್ಲಿ? ನಾಲ್ಕು ತಿಂಗಳ ಉಪಕಾರ ಹದಿನಾರು ವರ್ಷದ ಲೆಕ್ಕಕ್ಕೆ ಅಡ್ಡ ಬಂತು. ಇದಕ್ಕೆ ದಾರಿ ಇದೆ. ಕೂರಿಸಿಕೊಳ್ಳಿ, ಆದರೆ ಬರೆದಿಡಿ. ಇವನು ದೋಸೆ ಭಟ್ಟನಾಗಿದ್ದ, ಈಗ ಆ ಕೆಲಸ ಮಾಡಲಾರ, ಕೌಂಟರಿನಲ್ಲಿ ಕೂರುವ ಕೆಲಸಕ್ಕೆ ನಮ್ಮಲ್ಲಿ ಪಗಾರ ಇಷ್ಟು, ಮನುಷ್ಯತ್ವದ ಮೇಲೆ ಇಷ್ಟು ತಿಂಗಳು ಹೆಚ್ಚು ಕೊಟ್ಟಿದ್ದೇವೆ. ಇಷ್ಟೇ ನಾಲ್ಕು ಸಾಲು.

ಊಟ ವಸತಿಯ ಬಗ್ಗೆಯೂ ನಾಲ್ಕು ಮಾತು. ನಿಮ್ಮ ಲೆಕ್ಕದಲ್ಲಿ ಅದು ಖರ್ಚು, ಅವನ ಲೆಕ್ಕದಲ್ಲಿ ಅದು ಆದಾಯ. ಊರಿಗೆ ಹೋಗಿ ಮಲಗಿದ ದಿನದಿಂದ ಅವನ ತುತ್ತಿಗೆ ಅವನ ಮನೆಯವರು ದುಡ್ಡು ಕೊಡಬೇಕು. ಪಗಾರದ ಜತೆ ಬರುವ ಸವಲತ್ತುಗಳನ್ನೂ ಆದಾಯವೆಂದು ನೋಡಬೇಕೆಂಬ ಮಾತನ್ನು ಸುಪ್ರೀಂ ಕೋರ್ಟು ಮರಣದ ಪ್ರಕರಣವೊಂದರಲ್ಲಿ 2007ರಲ್ಲೇ ಹೇಳಿತ್ತು. ಕಂಪೆನಿ ನೌಕರರ ವಕೀಲರು ಅದನ್ನು ಮರೆಯದೆ ಎತ್ತುತ್ತಾರೆ. ಹೋಟೆಲಿನ ಹುಡುಗನಿಗೆ ಮಾಳಿಗೆಯಲ್ಲಿ ಹಾಸಿದ ಚಾಪೆಯೂ ಸವಲತ್ತೇ ಎಂದು ಯಾರಿಗೂ ಹೊಳೆಯುವುದಿಲ್ಲ. ವೇಟರುಗಳ ಟಿಪ್ಸ್ ಕೂಡ ಹಾಗೆಯೇ. ಅದನ್ನು ರೂಪಾಯಿ ಲೆಕ್ಕದಲ್ಲಿ ರುಜುವಾತು ಮಾಡುವುದು ಕಷ್ಟ, ಆದರೆ ನಿಮ್ಮಲ್ಲಿ ಟಿಪ್ಸ್ ಡಬ್ಬಿ ಇದ್ದು ವಾರಕ್ಕೊಮ್ಮೆ ಹಂಚುವ ಪದ್ಧತಿ ಇದ್ದರೆ ಅಷ್ಟನ್ನಾದರೂ ಹೇಳಬಹುದಲ್ಲ.

ಹುಡುಗ ಊರಿಗೆ ಹೋದ ಮೇಲೆ ಅರ್ಜಿಯನ್ನು ಕುಂದಾಪುರದಲ್ಲೋ ಉಡುಪಿಯಲ್ಲೋ ಹಾಕುವುದುಂಟು. ಕಾನೂನು ಒಪ್ಪುತ್ತದೆ, ಅಪಘಾತ ನಡೆದ ಜಾಗವೇ ಆಗಬೇಕೆಂದಿಲ್ಲ, ಅವನು ವಾಸವಿರುವ ಜಾಗವೂ ಆಗುತ್ತದೆ. ಆದರೆ ಅಲ್ಲಿ ಆದಾಯದ ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಗೊತ್ತೆ? ಲೋಕ ಅದಾಲತ್ತುಗಳ ಅನುಕೂಲಕ್ಕೆಂದು ಕರ್ನಾಟಕದ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿಟ್ಟ ವರ್ಷವಾರು ಅಂದಾಜು ಆದಾಯದ ಪಟ್ಟಿಯೊಂದಿದೆ. ಅಪಘಾತವಾದ ವರ್ಷ ನೋಡಿ ಆ ಅಂಕಿ ಹಿಡಿಯುತ್ತಾರೆ. ಏನೂ ಸಾಕ್ಷಿಯಿಲ್ಲದ ಕೂಲಿಯವನಿಗೆ ಆ ಪಟ್ಟಿ ದೊಡ್ಡ ಆಸರೆ, ನಾನು ಅದನ್ನು ಹಳಿಯುತ್ತಿಲ್ಲ. ಆದರೆ ಮುಂಬಯಿಯ ತುಂಬಿದ ಹೋಟೆಲಿನಲ್ಲಿ ಹದಿನೈದು ವರ್ಷ ಕಾವಲಿ ಹಿಡಿದ ಕಸುಬುದಾರನೂ ಕಸುಬಿಲ್ಲದ ಕೂಲಿಯವನೂ ಅಲ್ಲಿ ಒಂದೇ ಸಾಲಿಗೆ ಬರುತ್ತಾರೆ. ಈ ಕಡೆ ಮಹಾರಾಷ್ಟ್ರದಲ್ಲಿ ಹಾಕಿದರೆ ಕನಿಷ್ಠ ವೇತನದ ಅಧಿಸೂಚನೆಯನ್ನು ಮುಂದಿಡುತ್ತಾರೆ. ಕನಿಷ್ಠ ವೇತನ ಒಂದು ಅಳತೆಗೋಲು ಮಾತ್ರ, ಅದೇ ಕೊನೆಯ ಮಾತಲ್ಲ ಎಂದು 2021ರಲ್ಲಿ ಲಾರಿ ಚಾಲಕನೊಬ್ಬನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ ನಿಜ. ಆದರೂ ಅದನ್ನು ದಾಟಿ ಮೇಲೆ ಹೋಗಲು ನ್ಯಾಯಾಧೀಶರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

ಆ ಏನಾದರೂ ಎಂಬುದು ಬಹಳ ದೊಡ್ಡದೇನೂ ಅಲ್ಲ. ಪಗಾರವನ್ನು ಪೂರ್ತಿ ಬ್ಯಾಂಕ್ ಖಾತೆಗೆ ಹಾಕಿ. ಪೂರ್ತಿ ಆಗದಿದ್ದರೆ ನಗದಿನ ಭಾಗಕ್ಕೆ ವೌಚರ್ ಬರೆದು ಸಹಿ ಹಾಕಿಸಿ. ನೇಮಕಾತಿ ಪತ್ರ ಕೊಡುವುದು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಈಗ ಹೇಗೂ ನಿಮ್ಮ ಹೊಣೆ. ಕೊಡುವಾಗ ಅದರಲ್ಲಿ 'ಕಾಮಗಾರ್' ಎಂದು ಒಂದೇ ಶಬ್ದ ಬರೆಯದೆ ಅವನು ಮಾಡುವ ಕೆಲಸ, ಊಟ ವಸತಿಯ ಏರ್ಪಾಡು ಇಷ್ಟನ್ನು ನಮೂದಿಸಿ. ಕೆಲಸದವರಿಗೂ ಒಂದು ಮಾತು: ಊರಿಗೆ ಕಳಿಸುವ ಹಣವನ್ನು ಯಾರದೋ ಕೈಯಲ್ಲಿ ಕೊಟ್ಟು ಕಳಿಸಬೇಡಿ, ಮೊಬೈಲಿನಿಂದ ತಾಯಿಯ ಖಾತೆಗೋ ಹೆಂಡತಿಯ ಖಾತೆಗೋ ಹಾಕಿ. ದೋಸೆ ಭಟ್ಟನ ಕೇಸಿನಲ್ಲಿ ನಮಗೆ ಆಸರೆಯಾದದ್ದು ಅದೇ. ಪುಸ್ತಕದಲ್ಲಿ 13,000 ಪಗಾರವಿದ್ದವನು ತಿಂಗಳಿಗೆ 17,000, 18,000 ತಾಯಿಯ ಖಾತೆಗೆ ಹಾಕುತ್ತಿದ್ದ. ಸಾಲ ಮಾಡಿ ಊರಿಗೆ ಹಣ ಕಳಿಸುತ್ತಿದ್ದನೇ ಎಂದು ನಮ್ಮ ವಕೀಲರು ಕೇಳಿದಾಗ ಆ ಕಡೆಯಿಂದ ಉತ್ತರವಿರಲಿಲ್ಲ.

ಸಮಯದ ವಿಷಯದಲ್ಲೂ ಎಚ್ಚರ ಬೇಕು. 2019ರ ತಿದ್ದುಪಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವನ್ನು ಮತ್ತೆ ತಂದಿತು, ಅದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದು ಬಿದ್ದುಹೋದೀತು ಎಂಬ ನಂಬಿಕೆಯ ಮೇಲೆ ಕೂರುವುದು ಜಾಣತನವಲ್ಲ. ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಮಲಗಿದವನಿಗೆ ಆರು ತಿಂಗಳು ಆಸ್ಪತ್ರೆಯಲ್ಲೇ ಕಳೆದುಹೋಗುತ್ತದೆ. ಎಫ್‌ಐಆರ್ ನಕಲು, ಗಾಡಿಯ ನಂಬರು, ವಿಮೆಯ ಕಾಗದ ಇವನ್ನು ತೆಗೆಸಿಕೊಡಲು ನಿಮ್ಮ ಮ್ಯಾನೇಜರರನ್ನು ಎರಡು ದಿನ ಪೊಲೀಸ್ ಠಾಣೆಗೆ ಕಳಿಸಿ. ಮರಾಠಿಯಲ್ಲಿ ಮಾತಾಡಬಲ್ಲ, ಅಂಜದ ಒಬ್ಬ ಮನುಷ್ಯ ಜತೆಗಿದ್ದರೆ ಅಲ್ಲಿ ಅರ್ಧ ಕೆಲಸ ಆದಂತೆ.

ಈ ಊರಿನಲ್ಲಿ ಹೋಟೆಲು ಹುಡುಗರಿಗಾಗಿ ಕನ್ನಡ ರಾತ್ರಿಶಾಲೆ ಕಟ್ಟಿದ ಪರಂಪರೆ ನಿಮ್ಮ ಹಿರಿಯರದು. ಹಗಲು ಲೋಟ ತೊಳೆದು ರಾತ್ರಿ ಮೆಟ್ರಿಕ್ ಓದಿದವರಲ್ಲಿ ಎಷ್ಟೋ ಮಂದಿ ಇಂದು ನಿಮ್ಮ ನಡುವೆಯೇ ಮಾಲಕರಾಗಿ ಕೂತಿದ್ದಾರೆ. ಅಂಥವರಿಗೆ ನಾನು ಉಪದೇಶ ಮಾಡಬೇಕಿಲ್ಲ. ನಿಮ್ಮ ಸಂಘಟನೆಗಳು, ಹೋಟೆಲು ಮಾಲಕರ ಸಂಘವಾದ ಆಹಾರ್ ಇರಲಿ, ನಮ್ಮ ಜಾತಿ ಸಂಘಗಳಿರಲಿ, ವರ್ಷಕ್ಕೊಮ್ಮೆ ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನ ಎಲ್ಲ ಚೆನ್ನಾಗಿ ಮಾಡುತ್ತವೆ. ಆ ಸಭೆಗಳಲ್ಲಿ ಒಮ್ಮೆ ಒಂದು ಮಾದರಿ ನೇಮಕಾತಿ ಪತ್ರ, ಒಂದು ಮಾದರಿ ವೌಚರ್, ಒಂದು ಮಾದರಿ ಸರ್ಟಿಫಿಕೇಟು ಅಚ್ಚು ಹಾಕಿಸಿ ಹಂಚಿ. ಕರಡು ಬರೆದುಕೊಡುವ ಕೆಲಸ ನನ್ನದು, ಕಾಸು ಬೇಡ.

ಈಗಾಗಲೇ ನಡೆಯುತ್ತಿರುವ ಕೇಸುಗಳಿವೆ, ಬಂದ ಸಮನ್ಸನ್ನು ಮೇಜಿನ ಖಾನೆಯಲ್ಲಿ ಹಾಕಿಟ್ಟಿರುವ ಮಾಲಕರು ನಿಮ್ಮಲ್ಲಿದ್ದಾರೆ. ಹೋಗಿ. ಪಗಾರದ ರಿಜಿಸ್ಟರು, ವೌಚರ್ ಕಟ್ಟು, ಬ್ಯಾಂಕಿನ ಪಟ್ಟಿ ಇದ್ದದ್ದನ್ನು ಇದ್ದಂತೆ ಒಯ್ಯಿರಿ, ಇಲ್ಲದ್ದನ್ನು ಹೊಸದಾಗಿ ಬರೆಯಬೇಡಿ. ಕುಂದಾಪುರದವರೆಗೆ ಹೋಗುವುದು ಕಷ್ಟವಾದರೆ ವಿಡಿಯೊ ಮೂಲಕ ಸಾಕ್ಷಿ ತೆಗೆದುಕೊಳ್ಳಿ ಎಂದು ಅರ್ಜಿ ಕೊಡಲು ಅವನ ವಕೀಲರಿಗೆ ಹೇಳಿ. ಕಟಕಟೆಯಲ್ಲಿ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದರೆ ಕೊಟ್ಟಷ್ಟನ್ನು ಹೇಳಿ, ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರೆ ಅಡಿಗೆಯವ ಎಂದು ಮುಗಿಸಬೇಡಿ. ಎಷ್ಟು ಗಂಟೆ ನಿಲ್ಲುತ್ತಿದ್ದ, ಹಿಟ್ಟಿನ ಡಬ್ಬಿ ಎಷ್ಟು ಕಿಲೋ, ನೆಲ ಹೇಗಿರುತ್ತದೆ, ಅವನು ಬಿಟ್ಟ ಮೇಲೆ ಆ ಜಾಗಕ್ಕೆ ಬಂದವನಿಗೆ ಈಗ ಎಷ್ಟು ಕೊಡುತ್ತಿದ್ದೀರಿ, ಅದನ್ನೂ ಹೇಳಿ.

ಇತಿ,
ನಿವೃತ್ತ ವಿಮಾ ನೌಕರ
ಮುಂಬಯಿ